ಮುಂಬಯಿಯಲ್ಲಿ ಹೋಟೆಲ್ ಮುಚ್ಚುವುದಿಲ್ಲ, ಕೈ ಬದಲಾಗುತ್ತದೆ

2023ರ ಡಿಸೆಂಬರ್‌ನಲ್ಲಿ ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಮುಚ್ಚಿತು. 1954ರಿಂದ ನಡೆದುಕೊಂಡು ಬಂದ ಹೋಟೆಲು. ಕೊನೆಯ ದಿನಗಳಲ್ಲಿ ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹೋಗಿ ತಿಂದು ಬಂದರು. ಪತ್ರಿಕೆಗಳು ಬರೆದವು. ಇಲ್ಲಿ ಮುಂಬಯಿಯಲ್ಲಿ ಕೂತ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲೂ ಬಟನ್ ಇಡ್ಲಿಯ ಫೋಟೋ, ಹಸಿರು ಮಸಾಲೆ ಇಡ್ಲಿಯ ನೆನಪು ಎರಡು ದಿನ ಬಿಡದೆ ಓಡಾಡಿದವು. ಬೆಂಗಳೂರಿಗೆ ವರ್ಷಕ್ಕೊಮ್ಮೆಯೂ ಹೋಗದವರು ಕೂಡ ಕಣ್ಣೀರಿನ ಇಮೋಜಿ ಹಾಕಿದ್ದರು.

ಹೆಚ್ಚೂ ಕಡಿಮೆ ಅದೇ ಹೊತ್ತಿಗೆ ಚೆಂಬೂರಿನ ನಮ್ಮ ರಸ್ತೆಯಲ್ಲಿ ಒಂದು ಉಡುಪಿ ಹೋಟೆಲಿನ ಬೋರ್ಡು ಇಳಿಯಿತು. ಅದೂ ಹಳೆಯದೇ. ಯಾರೂ ಏನೂ ಬರೆಯಲಿಲ್ಲ. ಅರ್ಧ ಎಳೆದ ಶಟರಿನ ಒಳಗೆ ಬಣ್ಣದ ಕೆಲಸ ನಡೀತಿತ್ತು. ಸ್ವಲ್ಪ ದಿನದಲ್ಲೇ ಹೊಸ ಹೆಸರು, ಹೊಸ ಮೆನು ಕಾರ್ಡು, ಗಲ್ಲಾದಲ್ಲಿ ಹೊಸ ಮುಖ. ಒಳಗೆ ಹೋಗಿ ಕೂತರೆ ನೀರು ತಂದಿಟ್ಟವನು ಹಳೆಯ ಹುಡುಗನೇ. ‘ಸಾಬ್, ಆಪ್ ಕಾ ಸಾದಾ ಡೋಸಾ, ಸಾಂಬಾರ್ ಅಲಗ್?’ ಅಂತ ಕೇಳಿದ. ಗಿರಾಕಿಯ ಅಭ್ಯಾಸ ಕೂಡ ಹೊಸ ಮಾಲೀಕನಿಗೆ ಸಾಮಾನಿನ ಜೊತೆ ಸೇರಿ ಬಂದಿತ್ತು.

ನಾನು ತುಮಕೂರು ಕಡೆಯವನು. ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದು ಇಲ್ಲೇ ಉಳಿದೆ. ಹೋಟೆಲಿನವನಲ್ಲ, ಕರಾವಳಿಯವನೂ ಅಲ್ಲ. ಆದರೆ ಸಾಲದ ವಿಭಾಗದಲ್ಲಿ ಕೂತು ಹೋಟೆಲಿನವರ ಕಾಗದಪತ್ರ ಓದಿ ಓದಿ ಒಂದು ಅಭಿಪ್ರಾಯ ಬಂದುಬಿಟ್ಟಿದೆ. ಹೋಟೆಲು ಉಳಿಯುತ್ತೋ ಮುಳುಗುತ್ತೋ ಅನ್ನುವುದು ಅಡುಗೆಮನೆಯಲ್ಲಿ ತೀರ್ಮಾನ ಆಗುವುದು ಕಡಿಮೆ. ಬೀರುವಿನಲ್ಲಿ ಮಡಚಿಟ್ಟ ಬಾಡಿಗೆ ಕಾಗದದಲ್ಲಿ ಆಗುವುದೇ ಜಾಸ್ತಿ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಹೋಟೆಲು ಮುಚ್ಚುವ ವಿಷಯದಲ್ಲಿ ನನಗೆ ಬೆಂಗಳೂರಿನ ರೀತಿಗಿಂತ ಮುಂಬಯಿಯ ರೀತಿಯೇ ಹಿಡಿಸುತ್ತದೆ. ಬಸವನಗುಡಿಯ ಗೆಳೆಯರು ಬೈದುಕೊಳ್ಳಲಿ, ಪರವಾಗಿಲ್ಲ.

ಮೊದಲು ಈ ಬಾಡಿಗೆಯ ಕಥೆ. ಇಲ್ಲಿನ ಹಳೆಯ ಹೋಟೆಲುಗಳು ಇನ್ನೂ ಯಾಕಿವೆ ಅನ್ನುವುದು ಇದಿಲ್ಲದೆ ಅರ್ಥ ಆಗುವುದಿಲ್ಲ.

1947ರಲ್ಲಿ ಬಾಂಬೆ ಬಾಡಿಗೆ ಕಾಯ್ದೆ ಬಂತು. ಯುದ್ಧದ ಕಾಲದಲ್ಲಿ ಊರಿಗೆ ಜನ ನುಗ್ಗಿ ಬಾಡಿಗೆ ಗಗನಕ್ಕೇರಿತ್ತು. ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಮಾಲೀಕ ಮನಸ್ಸಿಗೆ ಬಂದ ಹಾಗೆ ಏರಿಸುವಂತಿಲ್ಲ, ಬಾಡಿಗೆದಾರನನ್ನು ಎಬ್ಬಿಸುವುದೂ ಸುಲಭವಿಲ್ಲ. ಆಗ ಮಾಲೀಕರು ಇನ್ನೊಂದು ದಾರಿ ಹಿಡಿದರು. ಗಾಳಾ, ಅಂದರೆ ಅಂಗಡಿ ಜಾಗ, ಕೈಗೆ ಕೊಡುವಾಗಲೇ ಒಂದು ದೊಡ್ಡ ಮೊತ್ತ ತೆಗೆದುಕೊಳ್ಳುವುದು. ಆಮೇಲೆ ತಿಂಗಳಿಗೆ ಹೆಸರಿಗಷ್ಟೇ ಬಾಡಿಗೆ. ಇದೇ ಪಗಡಿ. ಹಳೆಯ ಕಾಯ್ದೆಯಲ್ಲಿ ಇದು ಅಪರಾಧ, ರಸ್ತೆಯಲ್ಲಿ ಇದೇ ರೂಢಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಯಾಗಿ ಪಗಡಿಯನ್ನು ಸಕ್ರಮ ಮಾಡಿತು. ಪಗಡಿ ಗಾಳಾ ಇನ್ನೊಬ್ಬರಿಗೆ ಮಾರಬಹುದು. ಮಾರಿದಾಗ ಕಟ್ಟಡದ ಮಾಲೀಕನಿಗೆ ಒಂದು ಪಾಲು ಕೊಡಬೇಕು. ಮೂರನೇ ಒಂದು ಭಾಗದ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ.

ಈಗ ಮಾಟುಂಗಾಕ್ಕೆ ಬನ್ನಿ. ಕೆಫೆ ಮೈಸೂರು ಶುರುವಾದದ್ದು 1936ರಲ್ಲಿ. ರಾಮಾಶ್ರಯ 1939. ಕೆಫೆ ಮದ್ರಾಸ್ 1940. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ 1942. ಎಲ್ಲವೂ ಆರು ವರ್ಷದ ಒಳಗೆ. ಎಲ್ಲವೂ ಕಿಂಗ್ಸ್ ಸರ್ಕಲಿಗೂ ಮಾಟುಂಗಾ ಸ್ಟೇಷನ್ನಿಗೂ ನಡುವಿನ ಕಾಲ್ನಡಿಗೆಯ ದೂರದಲ್ಲಿ. ಪ್ಲೇಗ್ ಬಂದ ಮೇಲೆ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗಾ ಬಡಾವಣೆ ಹಾಕಿತು. ಆಫೀಸು ಗುಮಾಸ್ತರಾಗಿ ಬಂದ ದಕ್ಷಿಣದವರು ಅಲ್ಲಿ ಮನೆ ಹಿಡಿದರು. ಅವರ ಹೊಟ್ಟೆಗೆ ಇಡ್ಲಿ, ಸಾರು, ಕಾಫಿ ಹಾಕಲು ನಮ್ಮವರು ಬಂದರು. ಇವರ ಕೈಗುಣಕ್ಕೆ ಪೂರ್ತಿ ಮರ್ಯಾದೆ ಕೊಟ್ಟೇ ಹೇಳುತ್ತೇನೆ: ಆ ಕಾಲದಲ್ಲಿ ಗಾಳಾ ಹಿಡಿದವರಿಗೆ ಇದ್ದ ನೆಮ್ಮದಿ ಈಗ ಹೋಟೆಲು ತೆರೆಯುವ ಯಾರಿಗೂ ಇಲ್ಲ. ಬಾಡಿಗೆಯ ಚಿಂತೆ ಇಲ್ಲದವನು ಒಂದು ಪ್ಲೇಟ್ ಇಡ್ಲಿಯನ್ನು ಸಾಧಾರಣ ದರಕ್ಕೆ ಕೊಡಬಲ್ಲ, ಮೆನು ಬದಲಾಯಿಸದೆ ಇರಬಲ್ಲ, ಮಗ ದೊಡ್ಡವನಾಗುವ ತನಕ ಕಾಯಬಲ್ಲ.

ರಾಮ ನಾಯಕರ ಬೋರ್ಡಿಂಗಿಗೆ ಹೋದವರಿಗೆ ಗೊತ್ತು. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮೆಟ್ಟಿಲು ಹತ್ತಬೇಕು. ಕೂಪನ್ ತೆಗೆದುಕೊಂಡು ಬೆಂಚಿನ ಮೇಲೆ ಸರದಿ ಕಾಯಬೇಕು. ತಟ್ಟೆ ಊಟ ಬೇಕೋ ಬಾಳೆಲೆ ಊಟ ಬೇಕೋ ಮೊದಲೇ ಹೇಳಬೇಕು. ಎಲೆ ಮುಂದೆ ಕೂತ ಮೇಲೆ ಬಡಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಮಾತಿಲ್ಲ. ಹಿತಮಿತ ತಿನ್ನುವವರ ಪಕ್ಕದಲ್ಲೇ ನಾಲ್ಕನೇ ಸಲ ಸಾರು ಹಾಕಿಸಿಕೊಳ್ಳುವ ಗುಜರಾತಿ ವ್ಯಾಪಾರಿ ಇರುತ್ತಾರೆ. ರಾಮಾಶ್ರಯದಲ್ಲಿ ಬೆಳಗಿನ ಜಾವದಿಂದಲೇ ಜನ. ಇವತ್ತಿನ ಶೀರಾ ಯಾವ ಹಣ್ಣಿನದು ಅಂತ ಬೋರ್ಡು ನೋಡುವುದೇ ಅಲ್ಲಿ ಒಂದು ಆಟ. ಅನಾನಸ್ ದಿನ ನನಗೆ ಅದೃಷ್ಟದ ದಿನ. ನೀವು ಯಾರ ಜೊತೆ ಬಂದಿರೋ ಅದು ಅವರಿಗೆ ಬೇಕಿಲ್ಲ. ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇದ್ದರೆ ಅಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ಬಾಡಿಗೆ ಕಡಿಮೆ ಇದ್ದರೂ ಜಾಗ ಪೋಲು ಮಾಡದ ಊರು ಇದು.

ಬೆಂಗಳೂರಿನಲ್ಲಿ ಈ ಲೆಕ್ಕವೇ ಬೇರೆ. ಅಲ್ಲಿ ಉಳಿದ ಹೋಟೆಲುಗಳಿಗೆ, 1924ರ ಎಂಟಿಆರ್ ಇರಲಿ 1943ರ ವಿದ್ಯಾರ್ಥಿ ಭವನ ಇರಲಿ, ಜನರ ಅಭಿಮಾನ ಒಂದು ಕವಚ. ಕಾನೂನಿನ ಕವಚ ದೊಡ್ಡದಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಜಾಗಗಳನ್ನು ತನ್ನ ಹೊರಗೇ ಇಟ್ಟಿದೆ. ಅಷ್ಟು ಜಾಗದಲ್ಲಿ ಒಂದು ದರ್ಶಿನಿಯ ಒಲೆಯೂ ಹಿಡಿಯುವುದಿಲ್ಲ. ಸ್ವಂತ ಜಾಗ ಇದ್ದವನು ಉಳಿದ. ಸ್ವಂತ ಜಾಗ ಇದ್ದವನಿಗೂ ಒಂದು ದಿನ ಆ ಜಾಗದ ಬೆಲೆ ದೋಸೆಯ ಲಾಭಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಂಡಿತು. ಅಷ್ಟೇ ಕಥೆ. ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸು 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಬೆಂಗಳೂರಿನವರು ಆವತ್ತೂ ಅತ್ತರು.

ಅಳುವುದು ತಪ್ಪಲ್ಲ. ಆದರೆ ಆ ಅಳುವಿನಲ್ಲಿ ನನಗೆ ಒಂದು ತಕರಾರಿದೆ. ಅದು ತಿಂದವರ ಅಳು. ನನ್ನ ಕಾಲೇಜು ದಿನ, ನನ್ನ ಮೊದಲ ಕಾಫಿ, ನಮ್ಮಪ್ಪ ಕರಕೊಂಡು ಹೋದ ಭಾನುವಾರ. ಮರುದಿನ ಬೆಳಿಗ್ಗೆ ಆ ಸಪ್ಲಾಯರ್‌ಗಳು ಎಲ್ಲಿಗೆ ಹೋದರು, ಆ ದೊಡ್ಡ ಗ್ರೈಂಡರ್ ಯಾರ ಪಾಲಾಯಿತು ಅಂತ ಬರೆದದ್ದನ್ನು ನಾನು ಓದಿದ್ದು ಅಪರೂಪ.

ಮುಂಬಯಿಯ ಹೋಟೆಲ್ ಲೋಕದಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಅದರ ಹೆಸರು ಕಂಡಕ್ಟಿಂಗ್. ಗಾಳಾ ಒಬ್ಬರದು, ಲೈಸೆನ್ಸೂ ಅವರ ಹೆಸರಿನಲ್ಲೇ, ಆದರೆ ಹೋಟೆಲು ನಡೆಸುವವರು ಬೇರೆ. ನಡೆಸುವವನು ಮೊದಲಿಗೆ ಡಿಪಾಸಿಟ್ ಕೊಡುತ್ತಾನೆ, ಆಮೇಲೆ ತಿಂಗಳು ತಿಂಗಳು ಇಷ್ಟು ಅಂತ. ಲಾಭ ನಷ್ಟ ಅವನದು. ಊರಿನಿಂದ ಬರಿಗೈಯಲ್ಲಿ ಬಂದವರಲ್ಲಿ ಎಷ್ಟೋ ಮಂದಿ ಹೀಗೇ ಮೇಲೆ ಬಂದದ್ದು. ಲೋಟ ತೊಳೆದರು, ಸಪ್ಲಾಯರ್ ಆದರು, ಗಲ್ಲಾದಲ್ಲಿ ಕೂತರು, ಆಮೇಲೆ ಇಬ್ಬರು ಮೂವರು ಸೇರಿ ಒಂದು ಹೋಟೆಲನ್ನು ಕಂಡಕ್ಟಿಂಗಿಗೆ ಹಿಡಿದರು. ಪಾರ್ಟ್‌ನರ್‌ಗಳಲ್ಲಿ ಜಗಳ ಆಯಿತು, ಬಿಟ್ಟರು, ಇನ್ನೊಂದು ಹಿಡಿದರು. ಒಬ್ಬರ ಸೋಲು ಇನ್ನೊಬ್ಬರ ಬೋಣಿ. ಇದರಲ್ಲಿ ಕೋರ್ಟು ಕಚೇರಿಯೂ ಉಂಟು. ಕಂಡಕ್ಟಿಂಗಿಗೆ ಕೊಟ್ಟದ್ದೋ ಒಳಬಾಡಿಗೆಗೆ ಕೊಟ್ಟದ್ದೋ ಅನ್ನುವ ಜಗಳಕ್ಕೆ ವಕೀಲರು ತಲೆಮಾರುಗಟ್ಟಲೆ ಊಟ ಮಾಡಿದ್ದಾರೆ.

ಹಾಗೆ ಕೈ ಬದಲಾಗುವ ಒಂದು ರಾತ್ರಿ ನಾನೇ ಅಲ್ಲಿದ್ದೆ. ಯಂತ್ರಗಳ ಮೇಲೆ ನಮ್ಮ ಬ್ಯಾಂಕಿನ ಸಾಲ ಇತ್ತು, ಅದಕ್ಕೇ ಲೆಕ್ಕ ನೋಡಲು ಹೋಗಿದ್ದೆ. ಸಯನ್ ಕಡೆಯ ಮಧ್ಯಮ ಗಾತ್ರದ ಹೋಟೆಲು. ಕೊನೆಯ ಗಿರಾಕಿ ಎದ್ದ ಮೇಲೆ ಶಟರ್ ಅರ್ಧ ಎಳೆದರು. ಬಿಡುವ ಶೆಟ್ಟರು, ಹಿಡಿಯುವ ಪೂಜಾರಿಯವರು, ನಡುವೆ ಒಬ್ಬ ಬ್ರೋಕರು. ಅಕೌಂಟೆಂಟ್ ಹುಡುಗ ಕಾರ್ಬನ್ ಇಟ್ಟು ಪಟ್ಟಿ ಬರೆಯುತ್ತಿದ್ದ. ಸ್ಟೀಲ್ ತಟ್ಟೆ, ವಾಟಿ, ಇಡ್ಲಿ ಸ್ಟ್ಯಾಂಡು, ಡೀಪ್ ಫ್ರೀಜರ್, ಗ್ಯಾಸ್ ಬಾಟ್ಲಿ. ಎಲ್ಲಾ ಸುಸೂತ್ರ ಆಯಿತು. ಕೊನೆಗೆ ತಕರಾರು ಬಂದದ್ದು ದೋಸೆ ಹಿಟ್ಟಿಗೆ. ಸಂಜೆ ರುಬ್ಬಿಟ್ಟ ಎರಡು ದೊಡ್ಡ ಪಾತ್ರೆ ಹಿಟ್ಟು ಮೂಲೆಯಲ್ಲಿ ಹುಳಿ ಬರುತ್ತಾ ಕೂತಿತ್ತು. ಅಕ್ಕಿ ಉದ್ದು ಶೆಟ್ಟರ ದುಡ್ಡಿನದು. ದೋಸೆ ಆಗುವುದು ಬೆಳಿಗ್ಗೆ, ಪೂಜಾರಿಯವರ ಗಲ್ಲಾಕ್ಕೆ.

‘ಅದೆಂಥ ಲೆಕ್ಕ ಮಾರಾಯ್ರೆ, ಹಿಟ್ಟು ಬಿಟ್ಟುಬಿಡಿ’ ಅಂದರು ಪೂಜಾರಿಯವರು.

‘ಬಿಡುದು ಹೇಗೆ? ಉದ್ದಿನ ರೇಟು ನೋಡಿದ್ದೀರಾ?’

ಭಟ್ಟರನ್ನು ಕರೆದರು. ಅವರು ಬನಿಯನ್ನಿಗೆ ಕೈ ಒರೆಸಿಕೊಂಡು ಬಂದು ಅಕ್ಕಿ ಎಷ್ಟು ಕೇಜಿ, ಉದ್ದು ಎಷ್ಟು ಕೇಜಿ, ಮೆಂತೆ ಎಷ್ಟು ಅಂತ ಒಪ್ಪಿಸಿದರು. ಹುಡುಗ ಅದನ್ನೂ ಪಟ್ಟಿಗೆ ಸೇರಿಸಿದ. ಶೆಟ್ಟರು ಸಹಿ ಹಾಕುತ್ತಾ, ‘ರುಬ್ಬಿದ ಕೂಲಿ ಹಿಡೀಲಿಲ್ಲ, ಅದು ನನ್ನ ಕಡೆಯಿಂದ’ ಅಂದರು. ಭಟ್ಟರು ಮರುದಿನ ಬೆಳಿಗ್ಗೆ ಅದೇ ಹಿಟ್ಟಿನಿಂದ ಅದೇ ಕಾವಲಿಯಲ್ಲಿ ದೋಸೆ ಹುಯ್ದರು. ಸಂಬಳ ಮಾತ್ರ ಬೇರೆ ಕಿಸೆಯಿಂದ. ಭಾವುಕತೆ ಕಡಿಮೆ, ಒಪ್ಪುತ್ತೇನೆ. ಆದರೆ ಆ ರಾತ್ರಿ ಅಲ್ಲಿದ್ದ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ.

ಇರಾನಿ ಕೆಫೆಗಳ ಕಥೆಯೂ ಹೀಗೇ ಕೈ ಬದಲಾದ ಕಥೆಯೇ, ಎಷ್ಟೋ ಕಡೆ ನಮ್ಮವರ ಕೈಗೇ. ರಸ್ತೆ ಕೂಡುವ ಮೂಲೆಯ ಗಾಳಾ ಇರಾನಿಯದು ಅನ್ನುವ ಕಾಲ ಇತ್ತು. ಮಕ್ಕಳು ಓದಿ ಹೊರದೇಶಕ್ಕೆ ಹೋದರು, ಅಪ್ಪನಿಗೆ ವಯಸ್ಸಾಯಿತು, ಪಗಡಿ ಮಾರಿದರು. ಕೊಂಡ ಶೆಟ್ಟರು ಬನ್ ಮಸ್ಕಾದ ಜಾಗದಲ್ಲಿ ಪರ್ಮಿಟ್ ರೂಮು, ಅಂದರೆ ಬಾರು, ಮಾಡಿದರು. ಪರ್ಮಿಟ್ ಅನ್ನುವುದು 1949ರ ಮದ್ಯಪಾನ ನಿಷೇಧ ಕಾಯ್ದೆಯ ಬಾಲ, ಇವತ್ತಿಗೂ ಬಿಟ್ಟಿಲ್ಲ. 1904ರ ಕಯಾನಿ, 1923ರ ಬ್ರಿಟಾನಿಯಾ ಇನ್ನೂ ಇವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಾನು ಬಿಡುತ್ತೇನೆ. ಮುಂಬಯಿಯೂ ಬೆಂಗಳೂರಿನ ಹಾಗೆ ಗಟ್ಟಿಯಾಗಿ ಅತ್ತದ್ದು ನನಗೆ ನೆನಪಿರುವುದು 2015ರಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿಯೊಳಗಿನ ಸಮೋವಾರ್ ಮುಚ್ಚಿದಾಗ. 1964ರಿಂದ ಇತ್ತು. ಅಲ್ಲಿಗೆ ಹೋಗುತ್ತಿದ್ದವರು ಕಲಾವಿದರು, ಬರಹಗಾರರು, ಪತ್ರಕರ್ತರು. ಹಾಗಾಗಿ ಅಳು ಅಚ್ಚಾಯಿತು. ಗಿರಣಿ ಕೆಲಸದವರಿಗೆ ಊಟ ಹಾಕಿದ ಗಿರಣಗಾಂವಿನ ಖಾನಾವಳಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ನಿಂತವು. ಅವುಗಳ ಹೆಸರು ಹೇಳುವವರೂ ಈಗ ಸಿಗುವುದಿಲ್ಲ.

ಅದೇ ಗಿರಣಿ ಜಾಗಗಳಲ್ಲಿ ಈಗ ಪಬ್ಬು, ಬ್ರೂವರಿ, ಏಷ್ಯನ್ ಊಟದ ಹೋಟೆಲು. ಇವು ತೆರೆಯುವುದೂ ಮುಚ್ಚುವುದೂ ನನ್ನಂಥವನ ಕಣ್ಣಿಗೆ ಒಂದೇ ವೇಗ. ಇವರಿಗೆ ಪಗಡಿ ಇಲ್ಲ, ಲೀವ್ ಅಂಡ್ ಲೈಸೆನ್ಸ್. ಮೂರೋ ಐದೋ ವರ್ಷದ ಕಾಗದ, ವರ್ಷಕ್ಕಿಷ್ಟು ಏರಿಕೆ, ಮುಗಿದ ದಿನ ಎದ್ದು ಹೋಗಬೇಕು. ದೊಡ್ಡ ಕಂಪನಿ ಮಾಡಿಕೊಂಡರಂತೂ ಹಳೆಯ ರಕ್ಷಣೆ ಹೇಗೂ ಇಲ್ಲ. 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬಂಡವಾಳದ ಕಂಪನಿಗಳನ್ನು 1999ರ ಕಾಯ್ದೆ ಹೊರಗಿಟ್ಟಿದೆ. ಒಳಗಿನ ಅಲಂಕಾರಕ್ಕೆ ಸುರಿದ ದುಡ್ಡು ಗೋಡೆಗೆ ಅಂಟಿಕೊಂಡಿರುತ್ತದೆ, ಕಿತ್ತುಕೊಂಡು ಹೋಗಲು ಬರುವುದಿಲ್ಲ. ಆ ದುಡ್ಡು ವಾಪಸ್ ಬರುವ ಮೊದಲೇ ಕಾಗದದ ಅವಧಿ ಮುಗಿಯುತ್ತದೆ. ಜಾಗ ಸಾಲದೆ ಮಾಳಿಗೆ ಮೇಲೆ ಮೇಜು ಹಾಕುತ್ತಾರೆ. ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ರ ಬೆಂಕಿಯಲ್ಲಿ 14 ಜನ ಸತ್ತದ್ದು ಅಂಥ ಮಾಳಿಗೆಯಲ್ಲೇ. ಆಮೇಲೆ ಪಾಲಿಕೆಯವರು ಊರೆಲ್ಲಾ ಓಡಾಡಿ ಶೆಡ್ಡು ಕೆಡವಿದರು, ಅದರಲ್ಲಿ ನಮ್ಮವರ ಸಣ್ಣ ಹೋಟೆಲುಗಳ ಹಿತ್ತಲಿನ ತಗಡೂ ಹೋಯಿತು.

ಪಗಡಿಯ ಗುಣಗಾನ ಮಾಡಿ ಸುಮ್ನೆ ಮುಂದೆ ಹೋಗುವುದು ನ್ಯಾಯ ಅಲ್ಲ. ನೂರಿನ್ನೂರು ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಯಾವ ಮಾಲೀಕ ಸಿಮೆಂಟು ಹಾಕಿಸುತ್ತಾನೆ? ಮಳೆಗಾಲದಲ್ಲಿ ಹಳೆಯ ಮುಂಬಯಿಯ ಕಟ್ಟಡ ಕುಸಿಯುವುದು ಸುದ್ದಿಯೇ ಅಲ್ಲ ಅನ್ನುವಂತಾಗಿದೆ. ಗಲ್ಲಾದ ಮೇಲೆ ಗಣಪತಿಯ ಫೋಟೋ, ಅದರ ಮೇಲೆ ತೊಟ್ಟಿಕ್ಕುವ ಛಾವಣಿ. ಕೊನೆಗೆ ಬಿಲ್ಡರ್ ಬರುತ್ತಾನೆ. ಕಟ್ಟಡ ಕೆಡವಿ ಗೋಪುರ ಕಟ್ಟುವ ಮೂರು ನಾಲ್ಕು ವರ್ಷ ಹೋಟೆಲಿನವನು ಎಲ್ಲಿಗೆ ಹೋಗಬೇಕು? ಮನೆಯವರಿಗೆ ಬೇರೆ ಮನೆಯ ಬಾಡಿಗೆ ಕೊಟ್ಟರೆ ಆಯಿತು. ಹೋಟೆಲಿಗೆ ಗಿರಾಕಿ ಬೇಕು, ಚಿಮಣಿ ಬೇಕು, ಲೈಸೆನ್ಸಿನ ವಿಳಾಸ ಬೇಕು. ಚೆಂಬೂರಿನಲ್ಲಿ ಈಗ ನೋಡಿದಲ್ಲೆಲ್ಲಾ ತಗಡಿನ ಬೇಲಿ, ಒಳಗೆ ಕ್ರೇನು. ಕೈ ಬದಲಾಗಿ ಬದಲಾಗಿ ಉಳಿದ ಹೋಟೆಲುಗಳು ನಿಜವಾಗಿ ಮುಚ್ಚುವುದು ಇಲ್ಲಿ. ಹೊಸ ಗೋಪುರದ ಕೆಳಗೆ ಗಾಳಾ ವಾಪಸ್ ಸಿಗುತ್ತದೆ. ಆದರೆ ಮೇಲೆ ಕೋಟಿ ಕೊಟ್ಟು ಮನೆ ಕೊಂಡವರಿಗೆ ಒಗ್ಗರಣೆಯ ವಾಸನೆ ಬೇಡ. ಸೊಸೈಟಿಯವರು ತಕರಾರು ತೆಗೆಯುತ್ತಾರೆ. ಅಷ್ಟರಲ್ಲಿ ಒಂದು ಮೆಡಿಕಲ್ ಅಂಗಡಿಯವನೋ ಬ್ಯಾಂಕಿನವನೋ ಬಂದು ತಿಂಗಳಿಗೆ ಇಷ್ಟು ಅಂತಾನೆ. ಅರವತ್ತು ದಾಟಿದ ಮಾಲೀಕ ಬೆಳಿಗ್ಗೆ ನಾಲ್ಕಕ್ಕೆ ಏಳುವುದಕ್ಕಿಂತ ಅದೇ ವಾಸಿ ಅಂತಾನೆ. ಅವನನ್ನು ಬೈಯುವ ಮುಖ ನನಗಿಲ್ಲ. ನಾವೂ ಬ್ಯಾಂಕಿನವರೇ ಅಲ್ವಾ.

ಇನ್ನು ಜನ. ಕುಂದಾಪುರ, ಕಾರ್ಕಳ, ಮೂಲ್ಕಿ ಕಡೆಯಿಂದ ಹುಡುಗರು ಬಸ್ಸು ಹತ್ತಿ ಬಂದು ಹೋಟೆಲಿಗೆ ಸೇರುತ್ತಿದ್ದ ಕಾಲ ಮುಗಿದಿದೆ. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ರಾತ್ರಿ ಮೇಜು ಜೋಡಿಸಿ ಅದರ ಮೇಲೇ ನಿದ್ದೆ. ಹಾಗೆ ಓದಿ ವಕೀಲರಾದವರು, ಲೆಕ್ಕ ಪರಿಶೋಧಕರಾದವರು, ಬ್ಯಾಂಕಿನಲ್ಲಿ ನನ್ನ ಮೇಲಧಿಕಾರಿಗಳಾದವರು ಇದ್ದಾರೆ. ಫೋರ್ಟಿನಿಂದ ಹಿಡಿದು ಉಪನಗರಗಳ ತನಕ ಇದ್ದ ರಾತ್ರಿ ಶಾಲೆಗಳು ಮಕ್ಕಳಿಲ್ಲದೆ ಸೊರಗಿದವು. ಇದಕ್ಕೆ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹದಿಮೂರು ವರ್ಷದ ಹುಡುಗ ಲೋಟ ತೊಳೆಯಲು ಮುಂಬಯಿಗೆ ಬರಬೇಕಾಗಿಲ್ಲ ಅನ್ನುವುದು ಒಳ್ಳೆಯ ಸುದ್ದಿ.

ಹಾಗಾಗಿ ಇವತ್ತು ಮುಂಬಯಿಯ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುವವನು ಒಡಿಶಾದವನೋ ಜಾರ್ಖಂಡಿನವನೋ ನೇಪಾಳದವನೋ ಆಗಿರುತ್ತಾನೆ. 2020ರ ಲಾಕ್‌ಡೌನಿನಲ್ಲಿ ಇದು ಎಲ್ಲರಿಗೂ ಕಂಡಿತು. ಹುಡುಗರೆಲ್ಲಾ ಊರಿಗೆ ಹೋಗಿದ್ದರು. ಅಕ್ಟೋಬರ್ 5ಕ್ಕೆ ಮಹಾರಾಷ್ಟ್ರ ಸರ್ಕಾರ ಅರ್ಧ ಕುರ್ಚಿಗೆ ಹೋಟೆಲು ತೆರೆಯಬಹುದು ಅಂದಿತು. ಕುರ್ಚಿ ಇತ್ತು, ಹುಯ್ಯುವವನು ಇರಲಿಲ್ಲ. ಮಾಲೀಕರು ಒಡಿಶಾಕ್ಕೆ ಫೋನ್ ಮಾಡಿ ವಿಮಾನದ ಟಿಕೆಟು ಕಳಿಸಿದ ಕಥೆಗಳು ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಅದೇ ಹುಡುಗರನ್ನು ‘ಏ ಪೋರ್ಯಾ’ ಅಂತ ಕರೆಯುತ್ತಿದ್ದವರು ಆ ವರ್ಷ ‘ಭಾಯ್’ ಅಂದರು.

ನಮ್ಮವರು ಈ ಊರಿನಲ್ಲಿ ಹಾಯಾಗಿ ಬೇರುಬಿಟ್ಟರು ಅಂತಲೂ ಯಾರೂ ತಿಳಿಯಬೇಡಿ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದಿದೆ, ಲುಂಗಿಯವರನ್ನು ಓಡಿಸಿ ಅನ್ನುವ ಘೋಷಣೆ ಕೇಳಿದೆ. ಆಗ ಹೋಟೆಲಿನವರು ಮಾಡಿದ್ದು ಏನು? ಮೆನುವಿಗೆ ಮಿಸಳ್ ಸೇರಿಸಿದರು, ಉಪವಾಸದವರಿಗೆ ಸಾಬುದಾನಾ ವಡಾ ಮಾಡಿದರು, ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟರು, ಪಾವ್ ಭಾಜಿಗೆ ಇನ್ನೊಂದು ಕಾವಲಿ ಇಟ್ಟರು. ಬೆಂಗಳೂರಿನಿಂದ ಬಂದ ನೆಂಟರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ‘ಇದೆಂಥಾ ಉಡುಪಿ ಹೋಟೆಲು, ಚೈನೀಸೂ ಇದೆ!’ ಇದೆ ಸ್ವಾಮಿ. ಅದಕ್ಕೇ ಹೋಟೆಲೂ ಇದೆ. 2023ರಲ್ಲಿ ಮರಾಠಿ ಬೋರ್ಡಿನ ವಿಷಯ ಸುಪ್ರೀಂ ಕೋರ್ಟಿನ ತನಕ ಹೋದಾಗಲೂ ಅಷ್ಟೇ. ಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು. ಹೋಟೆಲಿನವರು ಪೇಂಟರನ್ನು ಕರೆಸಿದರು. ಅದಾದ ಮೇಲೆ ಬೆಂಗಳೂರಿನಲ್ಲಿ 60 ಶೇಕಡಾ ಕನ್ನಡ ಬೋರ್ಡಿನ ಗಲಾಟೆ ನಡೆದಾಗ ಇಲ್ಲಿನ ಶೆಟ್ಟರೊಬ್ಬರು ಪೇಪರ್ ಓದುತ್ತಾ, ‘ನಾವು ಬರೆಸಿದ್ದೇವಪ್ಪ, ಅವರು ಬರೆಸುದಕ್ಕೆ ಎಂಥ ಕಷ್ಟ?’ ಅಂದದ್ದು ಸರಿಯೇ ಅನಿಸಿತು.

ಈಗ ಹೊಸದೊಂದು ಗಾಳಿ ಬಂದಿದೆ. 2024ರಲ್ಲಿ ಬಾಂದ್ರಾದಲ್ಲಿ ‘ಬೆಣ್ಣೆ’ ಅನ್ನುವ ಸಣ್ಣ ಜಾಗ ಶುರುವಾಯಿತು. ಬೆಂಗಳೂರು ಶೈಲಿಯ ಬೆಣ್ಣೆ ದೋಸೆ. ಮುಂದೆ ಉದ್ದ ಸಾಲು, ಸಿನಿಮಾದವರು ಕ್ರಿಕೆಟಿನವರು ಬಂದರು ಅಂತ ಸುದ್ದಿ. ಅದನ್ನು ನೋಡಿ ಬೇರೆ ಕಡೆಯೂ ಬೆಂಗಳೂರಿನ ಹೆಸರು ಹೇಳಿಕೊಂಡು ದೋಸೆ ಅಂಗಡಿಗಳು ಏಳುತ್ತಿವೆ. ಮಾಟುಂಗಾದ ಹಿರಿಯರಿಗೆ ಇದು ತಮಾಷೆ. ಎಂಬತ್ತು ವರ್ಷದಿಂದ ನಮ್ಮವರೇ ದೋಸೆ ಹಾಕುತ್ತಿದ್ದಾರೆ, ಆದರೆ ಊರಿನವರ ಲೆಕ್ಕದಲ್ಲಿ ಅದು ಮದ್ರಾಸಿ ತಿಂಡಿ. ಈಗ ಐಟಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬಂದ ಮುಂಬಯಿಯ ಮಕ್ಕಳು ಅದೇ ದೋಸೆಯನ್ನು ಬೆಂಗಳೂರು ಅಂತ ಹುಡುಕಿಕೊಂಡು ಹೋಗುತ್ತಿದ್ದಾರೆ. ನಾನೂ ಸಾಲಿನಲ್ಲಿ ನಿಂತು ತಿಂದೆ. ಚೆನ್ನಾಗಿದೆ. ಗರಿಗರಿ ಇದೆ, ಬೆಣ್ಣೆಗೆ ಕೈ ಹಿಡಿದಿಲ್ಲ. ಕೂರಲು ಜಾಗ ಕಡಿಮೆ, ನಿಂತು ತಿನ್ನುವ ಪದ್ಧತಿ. ಅಲ್ಲಿಗೆ ದರ್ಶಿನಿಯ ಬುದ್ಧಿ ಕೊನೆಗೂ ಮುಂಬಯಿಗೆ ಬಂತು ಅನ್ನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ ಆ ರೀತಿ, ಜಾಗದ ಬಾಡಿಗೆ ಇಷ್ಟು ಜಾಸ್ತಿ ಇರುವ ಮುಂಬಯಿಗೆ ಯಾಕೆ ಮೊದಲೇ ಬರಲಿಲ್ಲ ಅನ್ನುವುದು ನನಗೆ ಯಾವಾಗಲೂ ಸೋಜಿಗ. ಬಹುಶಃ ಪಗಡಿಯೇ ಕಾರಣ. ಬಾಡಿಗೆ ಕಾಟ ಇಲ್ಲದ ಹೋಟೆಲಿನವನಿಗೆ ಗಿರಾಕಿಯನ್ನು ನಿಲ್ಲಿಸಿ ತಿನ್ನಿಸುವ ದರ್ದು ಇರಲಿಲ್ಲ. ಈಗ ಆ ಕಾಟ ಬಂದಿದೆ, ನಿಲ್ಲುವುದೂ ಬಂದಿದೆ.

ಈ ಹೊಸ ದೋಸೆ ಅಂಗಡಿಗಳಲ್ಲಿ ಎಷ್ಟು ಉಳಿಯುತ್ತವೆ? ಬ್ಯಾಂಕಿನವನ ಬುದ್ಧಿಯಲ್ಲಿ ಹೇಳುವುದಾದರೆ ಮೊದಲ ಲೀವ್ ಅಂಡ್ ಲೈಸೆನ್ಸ್ ಕಾಗದ ಮುಗಿಯುವ ದಿನ ನೋಡಬೇಕು. ಸಾಲು ಉದ್ದ ಇದ್ದಷ್ಟೂ ಮಾಲೀಕ ಬಾಡಿಗೆ ಜಾಸ್ತಿ ಕೇಳುತ್ತಾನೆ. ಗೆದ್ದದ್ದಕ್ಕೇ ದಂಡ. ಬಾರ್ ಇಟ್ಟವರಿಗೂ ಈಗ ಸುಖ ಇಲ್ಲ. ಮದ್ಯದ ವ್ಯಾಟು 5ರಿಂದ 10 ಶೇಕಡಾ ಮಾಡಿ, ಲೈಸೆನ್ಸ್ ಶುಲ್ಕ, ಅಬಕಾರಿ ಸುಂಕ ಎಲ್ಲಾ ಏರಿಸಿದ್ದಕ್ಕೆ 2025ರ ಜುಲೈ 14ರಂದು ರಾಜ್ಯದ ಬಾರ್‌ಗಳು, ಪರ್ಮಿಟ್ ರೂಮುಗಳು ಒಂದು ದಿನ ಬಾಗಿಲು ಹಾಕಿದವು. ಮರುದಿನ ತೆರೆದವು. ಬಾಡಿಗೆ, ಸಂಬಳ ನಿಲ್ಲುವುದಿಲ್ಲವಲ್ಲ.

ನನ್ನ ಒಂದು ಸಲಹೆ ಇದೆ, ನಮ್ಮ ಸಂಘಗಳ ಸಭೆಗಳಲ್ಲಿ ಹೇಳಿ ಹೇಳಿ ನಗೆಪಾಟಲಾದ ಸಲಹೆ. ನಮ್ಮಲ್ಲಿ ಸಂಘಗಳಿಗೆ ಕೊರತೆ ಇಲ್ಲ, ಸಭಾಭವನಗಳಿಗೂ ಇಲ್ಲ. ಹಳೆಯ ಹೋಟೆಲುಗಳ ಫೋಟೋ ಪ್ರದರ್ಶನ ಮಾಡೋಣ, ಸ್ಮರಣ ಸಂಚಿಕೆ ತರೋಣ ಅಂತ ಪ್ರತಿ ವರ್ಷ ಯಾರಾದರೂ ಏಳುತ್ತಾರೆ. ಮಾಡಲಿ. ಆದರೆ ಮಗ ಕೆನಡಾದಲ್ಲಿರುವ ಮಾಲೀಕನ ಗಾಳಾ ಮೆಡಿಕಲ್ ಅಂಗಡಿಗೆ ಹೋಗುವ ಮೊದಲು, ಅದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಅದನ್ನು ಕಂಡಕ್ಟಿಂಗಿಗೆ ಕೊಡಿಸಲು ಆಗುವುದಿಲ್ಲವೇ? ಡಿಪಾಸಿಟ್ಟಿಗೆ ಸಂಘ ಜಾಮೀನು ನಿಲ್ಲಬಹುದು. ನಮ್ಮವರೇ ನಡೆಸುವ ಸಹಕಾರಿ ಬ್ಯಾಂಕುಗಳಿವೆ, ಸಾಲ ಕೊಡಿಸಬಹುದು. ಹಿಂದೆ ಕರಾವಳಿಯ ಹುಡುಗನಿಗೆ ಹೀಗೆ ಒಬ್ಬ ಶೆಟ್ಟರೋ ಕಾಮತರೋ ಕೈ ಹಿಡಿದಿದ್ದಕ್ಕೇ ಇಷ್ಟು ಹೋಟೆಲು ಆದದ್ದು.

ಈ ಮಾತು ಎತ್ತಿದಾಗಲೆಲ್ಲಾ ಒಂದು ಪ್ರಶ್ನೆ ಬರುತ್ತದೆ. ‘ಆ ಅಡುಗೆಯವನು ನಮ್ಮವನಲ್ಲವಲ್ಲ, ಒಡಿಶಾದವನಲ್ಲವಾ?’

ಹೌದು, ಒಡಿಶಾದವನೇ. ನಮ್ಮ ರಸ್ತೆಯ ಹೋಟೆಲಿನ ಅವನಿಗೆ ಈಗ ಹುಳಿಗೆ ಎಷ್ಟು ಬೆಲ್ಲ, ರವೆ ಇಡ್ಲಿಗೆ ಎಷ್ಟು ಮೊಸರು ಅಂತ ನನ್ನ ಮನೆಯವಳಿಗಿಂತ ಚೆನ್ನಾಗಿ ಗೊತ್ತು. ಕನ್ನಡವೂ ಬರುತ್ತದೆ, ಕುಂದಾಪುರದ ಧಾಟಿಯದು. ನಾಳೆ ಅವನು ಆ ಗಾಳಾ ಹಿಡಿದು ಉಡುಪಿ ಅಂತಲೇ ಬೋರ್ಡು ಹಾಕಿದರೆ ನನ್ನ ಅಭ್ಯಂತರ ಏನೂ ಇಲ್ಲ. ಮುಂಗಡ ಕೇಳಿದರೆ ಫಾರ್ಮು ತುಂಬಿ ಕೊಡಲೂ ತಯಾರಿದ್ದೇನೆ. ಗುಜರಾತಿ ಗಿರಾಕಿಗಳ ಮಾತು ಕೇಳಿ ಸಾಂಬಾರಿಗೆ ಇನ್ನೂ ಸಿಹಿ ಹಾಕಬೇಡ ಅಂತ ಮಾತ್ರ ಈಗಲೇ ಹೇಳಿಟ್ಟಿದ್ದೇನೆ. ‘ನೋಡುವ ಸರ್’ ಅಂದಿದ್ದಾನೆ.